ಕೂಸಿಗೆ ಮೂರು ಲಸಿಕೆ, ಬಾಣಂತಿಗೆ ಒಂದೂ ಇಲ್ಲ

ದವಾಖಾನೆಯಲ್ಲಿ ಹೆರಿಗೆ ಆದ ಕೂಡಲೇ ಕೂಸಿಗೆ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಹೀಗೆ ಮೂರು ಲಸಿಕೆ ಹಾಕುತ್ತಾರೆ. ಪಕ್ಕದಲ್ಲೇ ಮಲಗಿರುವ ತಾಯಿಗೆ? ಬಸುರಿ ಇದ್ದಾಗ ಹಾಕಿದ ಟಿಡಿ ಚುಚ್ಚುಮದ್ದು, ಅಷ್ಟೇ. ಆಕೆಗೆ ರುಬೆಲ್ಲಾ ಲಸಿಕೆಯನ್ನೂ ಹಾಕಬೇಕು ಅನ್ನುವುದು ನಮ್ಮ ಮಾತು.

ರುಬೆಲ್ಲಾ ಅಂದರೆ ಏನು? ನಮ್ಮ ಮುಧೋಳ, ಜಮಖಂಡಿ ಕಡೆ ಗೊಬ್ಬರ ಅನ್ನುತ್ತೇವಲ್ಲ, ಆ ದಡಾರದ ಹಾಗೆ ಕಾಣುವ ಬೇರೊಂದು ಜಡ್ಡು. ಸಣ್ಣ ಜ್ವರ, ಮೈಮೇಲೆ ಕೆಂಪು ಗುಳ್ಳೆ, ಮೂರ್ನಾಲ್ಕು ದಿನಕ್ಕೆ ಮಾಯ. ಎಷ್ಟೋ ಮಂದಿಗೆ ಬಂದದ್ದೇ ಗೊತ್ತಾಗುವುದಿಲ್ಲ. ಆದರೆ ಬಸುರಾದ ಮೊದಲ ಮೂರು ತಿಂಗಳಲ್ಲಿ ತಗುಲಿದರೆ ಗರ್ಭ ಹೋಗಬಹುದು. ಇಲ್ಲವೇ ಕೂಸಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆ ಬರಬಹುದು. ಈ ನಂಟನ್ನು 1941ರಲ್ಲಿ ಗುರುತಿಸಿದವರು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್.

ನಮ್ಮಲ್ಲಿ ಅಂಥ ಕೂಸು ಹುಟ್ಟಿದರೆ "ಗ್ರಹಣದಾಗ ಹೊರಗ ಬಂದಿದ್ಲು" ಅನ್ನುತ್ತಾರೆ. ಬೈಗುಳವೆಲ್ಲ ಸೊಸೆಯ ಪಾಲಿಗೆ. ಎಲ್ಲ ಕಿವುಡಿಗೂ ರುಬೆಲ್ಲಾ ಕಾರಣವಲ್ಲ, ನಿಜ. ರಕ್ತಸಂಬಂಧದ ಮದುವೆಯೂ ಒಂದು ಕಾರಣ ಆಗಬಹುದು. ಆದರೆ ಒಂದು ಚುಚ್ಚುಮದ್ದಿನಿಂದ ತಡೆಯಬಹುದಾದ ಕಾರಣವನ್ನು ಹಾಗೇ ಬಿಟ್ಟು ಹೆಣ್ಣುಮಗಳನ್ನು ಬೈಯುವುದು ಯಾವ ನ್ಯಾಯ?

2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆಯಿತು. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲೇ ಹಾಕಿದರು. ಆಗ ವಾಟ್ಸ್‌ಆ್ಯಪ್‌ನಲ್ಲಿ ಸುಳ್ಳು ಸುದ್ದಿ ಹರಿದಾಡಿ, ಕೆಲವು ಪಾಲಕರು ಬೇಡ ಅಂದರು. 2002ಕ್ಕಿಂತ ಮೊದಲು ಹುಟ್ಟಿದವರಿಗೆ ಆ ಅಭಿಯಾನದಲ್ಲಿ ಜಾಗವೇ ಇರಲಿಲ್ಲ. ಅವರಲ್ಲಿ ಬಹಳ ಮಂದಿಗೆ ಸಣ್ಣವರಿದ್ದಾಗಲೇ ಜಡ್ಡು ಬಂದುಹೋಗಿ ರಕ್ಷಣೆ ಸಿಕ್ಕಿರುತ್ತದೆ. ಸಿಗದೇ ಉಳಿದವರು ಇಂದಿಗೂ ಹೆರಿಗೆ ವಾರ್ಡಿಗೆ ಬರುತ್ತಿದ್ದಾರೆ.

ಹೆರಿಗೆ ಆದ ಮೇಲೇ ಏಕೆ? ಇದು ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ, ಬಸುರಿಯರಿಗೆ ಹಾಕುವಂತಿಲ್ಲ. ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಬಸುರಾಗಬಾರದು. ಬಾಣಂತಿಗೆ ಈ ಚಿಂತೆ ಇಲ್ಲ. ಹಾಲು ಕುಡಿಸುವುದಕ್ಕೂ ಅಡ್ಡಿಯಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ಲಸಿಕೆ ಹಾಕಿಸಿಕೊಂಡು ಹೋದರೆ ಎರಡನೇ ಕೂಸಿಗೆ ಕಾವಲು ಸಿಕ್ಕಂತೆ. ಮೊದಲೇ ರಕ್ಷಣೆ ಇದ್ದವರು ಹಾಕಿಸಿಕೊಂಡರೂ ಹಾನಿಯಿಲ್ಲ.

ಒಂದು ತೊಡಕಿದೆ. ಸರ್ಕಾರಿ ಲಸಿಕೆಯ ಒಂದು ಬಾಟಲಿ ಹಲವು ಮಂದಿಗೆ ಆಗುತ್ತದೆ, ಕಲಸಿದ ಮೇಲೆ ನಾಲ್ಕು ತಾಸಿನೊಳಗೆ ಮುಗಿಸಬೇಕು. ಒಬ್ಬ ಬಾಣಂತಿಗಾಗಿ ತೆರೆದರೆ ಉಳಿದದ್ದು ಹಾಳು. ಇದಕ್ಕೂ ದಾರಿ ಇದೆ. ಒಂದೂವರೆ ತಿಂಗಳಿಗೆ ತಾಯಿ ಕೂಸನ್ನು ಎತ್ತಿಕೊಂಡು ಲಸಿಕೆ ದಿನಕ್ಕೆ ಬಂದೇ ಬರುತ್ತಾಳೆ. ಅವತ್ತು 9 ತಿಂಗಳ ಮಕ್ಕಳಿಗಾಗಿ ಅದೇ ಬಾಟಲಿ ತೆರೆದಿರುತ್ತಾರೆ. ಅದರಲ್ಲೇ ತಾಯಿಗೂ ಹಾಕಬಹುದು. ಹೊಸ ಕಟ್ಟಡ ಬೇಡ, ಹೊಸ ಸಿಬ್ಬಂದಿ ಬೇಡ. ಬೇಕಾಗಿರುವುದು ಸರ್ಕಾರದ ಒಂದು ಆದೇಶ, ಅದಕ್ಕೆ ತಕ್ಕಷ್ಟು ಹೆಚ್ಚುವರಿ ಲಸಿಕೆ.

ಆದೇಶ ಬರುವ ತನಕ ನಾವು ಸುಮ್ಮನೆ ಕೂರಬೇಕಿಲ್ಲ. ಮನೆಯಲ್ಲಿ ಬಾಣಂತಿ ಇದ್ದರೆ, "ಈಕೀಗೆ ರುಬೆಲ್ಲಾ ಲಸಿಕೆ ಆಗೇದೇನ್ರಿ? ಹಾಕಸ್ಬೇಕೇನ್ರಿ?" ಅಂತ ಡಾಕ್ಟರನ್ನು ಕೇಳಿ. ಖಾಸಗಿಯಲ್ಲಿ ಎಂಎಂಆರ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಹೆರಿಗೆಯಲ್ಲಿ ರಕ್ತ ಏರಿಸಿದ್ದರೆ ಅದನ್ನೂ ಹೇಳಿ, ಆಗ ಕೆಲವು ತಿಂಗಳು ತಡೆಯಬೇಕಾಗಬಹುದು. ಹಾಕಿಸಿದ ಮೇಲೆ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಗ್ರಾಮಸಭೆಯಲ್ಲಿ ರಸ್ತೆ, ಗಟಾರ, ನೀರು ಕೇಳುತ್ತೇವೆ. ಈ ಸಲ ಇದನ್ನೂ ಕೇಳೋಣ.