ಗೊಬ್ಬರಕ್ಕೆ ಮುಂಚೆ ಬೆಳಕು

ಮನೆಯೊಳಗೆ ಗ್ರೋ ಲೈಟ್ ಕೆಳಗಿಟ್ಟ ಮೆಣಸಿನ ಗಿಡ ತಿಂಗಳಾದರೂ ಇದ್ದಷ್ಟೇ ಇದ್ದರೆ ಕೈ ಮೊದಲು ಹೋಗುವುದು ಗೊಬ್ಬರದ ಪೊಟ್ಟಣಕ್ಕೆ, ಆಮೇಲೆ ನೀರಿನ ಚೊಂಬಿಗೆ. ದೀಪ ಉರಿಯುತ್ತಲೇ ಇರುವುದರಿಂದ ಬೆಳಕು ಸಾಲದೆಂಬ ಅನುಮಾನ ಹುಟ್ಟುವುದೇ ಇಲ್ಲ. ಆದರೆ ಈ ವಿಷಯದಲ್ಲಿ ಕಣ್ಣನ್ನು ನಂಬುವಂತಿಲ್ಲ. ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ಮಟಮಟ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ. ರಾತ್ರಿ ದೀಪ ಹಾಕಿದ ಕೋಣೆಯಲ್ಲಿರುವುದು ಕೆಲವು ನೂರು. ಇಷ್ಟು ದೊಡ್ಡ ಅಂತರಕ್ಕೂ ಕಣ್ಣು ಹೊಂದಿಕೊಳ್ಳುತ್ತದೆ, ಎಲೆಗೆ ಅದು ಸಾಧ್ಯವಿಲ್ಲ. ಬರಿಯ ಬಲ್ಬೊಂದನ್ನು ಗಿಡದಿಂದ ಒಂದಡಿಯ ಬದಲು ಎರಡಡಿ ಮೇಲೆ ಕಟ್ಟಿದರೆ ಎಲೆಗೆ ತಲುಪುವ ಬೆಳಕು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ.

ದ್ಯುತಿಸಂಶ್ಲೇಷಣೆಯ ವೇಗಕ್ಕೆ ಮಿತಿ ಹಾಕುವುದು ಇರುವುದರಲ್ಲೇ ಅತಿ ಕೊರತೆಯಾದ ಅಂಶ ಎಂದು ಇಂಗ್ಲೆಂಡಿನ ಸಸ್ಯವಿಜ್ಞಾನಿ ಎಫ್. ಎಫ್. ಬ್ಲ್ಯಾಕ್‌ಮನ್ 1905ರಲ್ಲಿ ವಾದಿಸಿದ್ದರು. ಆ ಕೊರತೆ ಬೆಳಕಿನದ್ದಾದರೆ ಗಿಡ ನೀರನ್ನೂ ಕಡಿಮೆ ಎಳೆಯುತ್ತದೆ, ಗೊಬ್ಬರವನ್ನೂ. ಕುಂಡದಲ್ಲಿ ತುಂಬಿದ ಕೊಕೊಪೀಟ್ ಹಸಿಯಾಗಿಯೇ ಉಳಿದು ಬೇರಿಗೆ ಉಸಿರುಕಟ್ಟುತ್ತದೆ. ಉಳಿದ ಲವಣ ಕುಂಡದ ಅಂಚಿನಲ್ಲಿ ಬಿಳಿ ಪೊರೆಯಾಗಿ ಕೂರುತ್ತದೆ. ಹೀಗೆ ನೀರಿನ, ಗೊಬ್ಬರದ ತೊಂದರೆಯಾಗಿ ಕಾಣುವ ಎಷ್ಟೋ ಸಂಗತಿಗಳ ಮೂಲ ಬೆಳಕಿನಲ್ಲೇ ಇರುತ್ತದೆ. ಗೆಣ್ಣು ಗೆಣ್ಣಿನ ನಡುವೆ ಅಂತರ ಹೆಚ್ಚಿ, ಕಾಂಡ ಸಣಕಲಾಗಿ ದೀಪದತ್ತ ವಾಲಿದ್ದರೆ ಬೆಳಕು ಸಾಲದು. ಚಿಗುರೆಲೆಯ ನರಗಳಷ್ಟೇ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಗಿದ್ದರೆ ಮಾತು ಬೇರೆ: ಗಡಸು ಬೋರ್‌ವೆಲ್ ನೀರಿನಿಂದ ಮಣ್ಣು ಕ್ಷಾರಗೊಂಡು ಕಬ್ಬಿಣ ಬೇರಿಗೆ ದಕ್ಕದಿರಬಹುದು.

ಹಾಗಾದರೆ ಮೂಲೆಯ ಮನಿಪ್ಲಾಂಟ್ ಹೇಗೆ ಬದುಕಿದೆ ಎಂದು ಕೇಳಬಹುದು. ನೆರಳಿನ ಕಾಡಿನಿಂದ ಬಂದ ಗಿಡಕ್ಕೆ ಮೂಲೆಯ ಮಂದ ಬೆಳಕೇ ಸಾಕು. ಕಾಯಿ ಬಿಡಬೇಕಾದ ಮೆಣಸಿಗೆ, ಟೊಮೆಟೊಗೆ ಅದು ಜೀವ ಹಿಡಿದಿಡುವಷ್ಟೂ ಅಲ್ಲ. ದೀಪವನ್ನು ಇಡೀ ದಿನ ಉರಿಸಿದರಾಯಿತಲ್ಲ ಎನ್ನುವವರೂ ಉಂಟು. ಮಂದ ಬೆಳಕನ್ನು 14 ಗಂಟೆಯವರೆಗೆ ಹಿಗ್ಗಿಸುವುದು ಸರಿಯೇ. ಆದರೆ ಕತ್ತಲೆಯೇ ಇಲ್ಲದಿದ್ದರೆ ಟೊಮೆಟೊ ಎಲೆ ಬಿಳಿಚಿಕೊಂಡು ಹಾಳಾಗುತ್ತದೆ. ಎಲ್ಲಕ್ಕೂ ಬೆಳಕೇ ಕಾರಣವಲ್ಲ, ನಿಜ. ಚಳಿಯೋ ಕುಂಡ ತುಂಬಿದ ಬೇರೋ ಅಡ್ಡಿಯಾಗಿರಬಹುದು. ಆದರೂ ಪರೀಕ್ಷೆ ಬೆಳಕಿನಿಂದಲೇ ಶುರುವಾಗಲಿ. ಬೇರೆ ಏನನ್ನೂ ಬದಲಿಸದೆ ದೀಪವನ್ನು ಹತ್ತಿರ ತಂದು, ಎರಡು ಮೂರು ವಾರ ಕಾದು, ಹೊಸ ಎಲೆಯನ್ನಷ್ಟೇ ನೋಡಿ ತೀರ್ಮಾನಿಸಬೇಕು. ದೀಪ ಅತಿ ಹತ್ತಿರವಾಯಿತೆನಿಸಿದರೆ ಆ ಸಂಜೆಯೇ ಮೇಲಕ್ಕೆತ್ತಬಹುದು. ಮಣ್ಣಿಗೆ ಬೆರೆತ ಗೊಬ್ಬರವನ್ನು ಹೆಕ್ಕಿ ತೆಗೆಯಲಾಗದು.