ಶಸ್ತ್ರವೈದ್ಯರಿಗೆ ಎರಡೇ ಕೈ

ನೀಟ್ ಫಲಿತಾಂಶ ಬಂದ ವಾರ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲಿಗೆ ಹೋದರೂ ಒಂದೇ ಪ್ರಶ್ನೆ: 'ಎಂಬಿಬಿಎಸ್ ಸೀಟು ಸಿಕ್ತಾ?' ಸಿಗದಿದ್ದರೆ ಹುಡುಗ ಇನ್ನೊಂದು ವರ್ಷ ಕೋಚಿಂಗ್‌ಗೆ ಹೋಗುತ್ತಾನೆ. ಹುಡುಗಿಯ ಓದು ಎಷ್ಟೋ ಮನೆಗಳಲ್ಲಿ ಅಲ್ಲಿಗೇ ನಿಲ್ಲುತ್ತದೆ. ಡಾಕ್ಟರ್ ಆಗದಿದ್ದರೆ ಆಸ್ಪತ್ರೆಯಲ್ಲಿ ನಮಗೆ ಜಾಗವೇ ಇಲ್ಲ ಎಂಬ ಈ ಲೆಕ್ಕ ತಪ್ಪು. ಅದಕ್ಕೆ ನಾನು ಸಾಕ್ಷಿ ತರುವುದು ಒಬ್ಬ ಹೆಸರಾಂತ ಹೃದಯ ಶಸ್ತ್ರವೈದ್ಯರ ಬದುಕಿನಿಂದಲೇ.

ಡಾ. ದೇವಿ ಶೆಟ್ಟಿ 1953ರಲ್ಲಿ ದಕ್ಷಿಣ ಕನ್ನಡದ ಕಿನ್ನಿಗೋಳಿಯಲ್ಲಿ ಹುಟ್ಟಿದರು. ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಪಳಗಿ, 1989ರಲ್ಲಿ ಭಾರತಕ್ಕೆ ಮರಳಿದರು. ಮುಂದೆ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಕಟ್ಟಿದರು. 2012ರಲ್ಲಿ ಪದ್ಮಭೂಷಣ ಬಂತು. ಆದರೆ ಅವರ ದೊಡ್ಡ ಸಾಧನೆ ಬಿರುದಿನಲ್ಲಿಲ್ಲ. ಒಬ್ಬರ ಎರಡು ಕೈಯಿಂದ ದಿನಕ್ಕೆ ಆಗುವ ಆಪರೇಷನ್ ಕೆಲವೇ ಎಂದು ಅವರು ಅರಿತರು. ಕೆಲಸವನ್ನು ಹಲವರಿಗೆ ಕಲಿಸಿ ಹಂಚಿದರು. ಸಂಖ್ಯೆ ಹೆಚ್ಚಿದಂತೆ ಒಂದೊಂದು ಆಪರೇಷನ್ನಿನ ಖರ್ಚು ಇಳಿಯಿತು. ಸಹಕಾರಿ ಸಂಘಗಳ ರೈತರು ತಿಂಗಳಿಗೆ 5 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆ ಪಡೆಯುವಂತೆ 2003ರಲ್ಲಿ ಜಾರಿಗೆ ಬಂದ 'ಯಶಸ್ವಿನಿ' ಯೋಜನೆಯ ಹಿಂದೆಯೂ ಅವರ ಆಲೋಚನೆ ಇತ್ತು.

'ಅದು ಷೇರುಪೇಟೆಯಲ್ಲಿರುವ ಕಂಪನಿ ಆಸ್ಪತ್ರೆ, ಬಡವರಿಗೇನು?' ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸರ್ಕಾರಿ ಜಯದೇವ ಹೃದ್ರೋಗ ಸಂಸ್ಥೆಯನ್ನು ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಬೆಳೆಸಿದ್ದೂ ತಂಡ ಕಟ್ಟಿಯೇ. ಆಸ್ಪತ್ರೆ ಯಾರದ್ದಾದರೂ ನಡೆಸುವುದು ಒಬ್ಬರಲ್ಲ.

ತೆರೆದ ಹೃದಯದ ಆಪರೇಷನ್ ನೋಡಿ. ಹೃದಯವನ್ನು ನಿಲ್ಲಿಸಿದಾಗ ರಕ್ತಕ್ಕೆ ಆಮ್ಲಜನಕ ಸೇರಿಸಿ ದೇಹಕ್ಕೆ ಹರಿಸುವುದು ಹಾರ್ಟ್-ಲಂಗ್ ಯಂತ್ರ. ಅದನ್ನು ನಡೆಸುವವರು ಪರ್ಫ್ಯೂಷನಿಸ್ಟ್. ಅವರ ಕೈ ತಪ್ಪಿದರೆ ಎಂಥ ಶಸ್ತ್ರವೈದ್ಯರೂ ರೋಗಿಯನ್ನು ಉಳಿಸಲಾರರು. ಅಮೆರಿಕದ ಡಾ. ಜಾನ್ ಗಿಬ್ಬನ್ ಈ ಯಂತ್ರದಿಂದ ಮೊದಲ ಯಶಸ್ವಿ ಶಸ್ತ್ರಚಿಕಿತ್ಸೆ ಮಾಡಿದ್ದು 1953ರಲ್ಲೇ. ಅದನ್ನು ರೂಪಿಸಲು ವರ್ಷಗಟ್ಟಲೆ ಅವರ ಜೊತೆ ದುಡಿದವರು ಅವರ ಪತ್ನಿ ಮೇರಿ, ಒಬ್ಬ ತಂತ್ರಜ್ಞೆ. ಆಪರೇಷನ್ ಮುಗಿದ ಮೇಲೆ ಐಸಿಯುನಲ್ಲಿ ರಾತ್ರಿಯಿಡೀ ಎಚ್ಚರವಿರುವವರು ನರ್ಸ್‌ಗಳು.

ಇದು ದೂರದೂರಿನ ಮಾತಲ್ಲ. ಮೊದಲೆಲ್ಲ ಎದೆನೋವು ಎಂದರೆ ಸೊಲ್ಲಾಪುರ, ಹೈದರಾಬಾದ್, ಇಲ್ಲವೇ ವಾಡಿ ಜಂಕ್ಷನ್‌ನಲ್ಲಿ ರೈಲು ಹತ್ತಿ ಬೆಂಗಳೂರು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲೇ 371 ಹಾಸಿಗೆಗಳ ಜಯದೇವ ಆಸ್ಪತ್ರೆ ಉದ್ಘಾಟನೆಯಾಯಿತು. ಕಟ್ಟಡ ಬಂತು. ಅದರೊಳಗೆ ಯಂತ್ರ ನಡೆಸುವವರು, ಎಕೋ ಮಾಡುವವರು, ರೋಗಿಯ ಅಜ್ಜಿಗೆ ಅವಳ ಮಾತಿನಲ್ಲೇ ತಿಳಿಹೇಳುವವರು ಎಲ್ಲಿಂದ ಬರಬೇಕು? ಸಿಮೆಂಟ್ ಫ್ಯಾಕ್ಟರಿಯಲ್ಲಿ, ಕಲ್ಲು ಗಣಿಯಲ್ಲಿ ದುಡಿಯುವವರ ಮಕ್ಕಳಾದ ನಾವೇ ಯಾಕಾಗಬಾರದು?

ಬಿ.ಎಸ್ಸಿ. ನರ್ಸಿಂಗ್, ಪರ್ಫ್ಯೂಷನ್ ಟೆಕ್ನಾಲಜಿ, ಕಾರ್ಡಿಯಾಕ್ ಕೇರ್ ಟೆಕ್ನಾಲಜಿ, ಅನಸ್ತೇಷಿಯಾ ಮತ್ತು ಒಟಿ ಟೆಕ್ನಾಲಜಿ ಕೋರ್ಸುಗಳು ಪಿಯು ವಿಜ್ಞಾನದವರಿಗೆ ಇವೆ. 371(ಜೆ) ಅಡಿ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೆ ಮೀಸಲು. ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ.

ನಮ್ಮ ಕಾಲೇಜಿಗೂ ಎರಡು ಮನವಿ. ನೀಟ್ ತರಗತಿಯಷ್ಟೇ ಕಾಳಜಿಯಿಂದ ಈ ಕೋರ್ಸುಗಳ ಬಗ್ಗೆ ಒಂದು ದಿನ ಮಾಹಿತಿ ಕೊಡಿಸಿ, ಅಂದು ಅಬ್ಬಾ-ಅಮ್ಮಿಯರನ್ನೂ ಕರೆಯಿರಿ. ಫಲಿತಾಂಶ ಬಂದ ಮೇಲೆ ರ‍್ಯಾಂಕ್ ಬಂದವರ ಫೋಟೊ ಹಾಕುವ ಮೊದಲು, ರ‍್ಯಾಂಕ್ ಬಾರದ ಹುಡುಗಿಯರ ಮನೆಗೆ ಒಂದು ಫೋನ್ ಮಾಡಿ.

ಶಸ್ತ್ರವೈದ್ಯರಾಗುವ ಕನಸು ಇರುವವರು ಖಂಡಿತ ಓದಿ, ಆಗಿ. ಆದರೆ ನಿಮ್ಮ ಪಕ್ಕದ ಬೆಂಚಿನ ಗೆಳತಿ ಓದು ಬಿಟ್ಟು ಮನೆಯಲ್ಲಿ ಕೂತರೆ, ನಾಳೆ ನಿಮ್ಮ ಆಪರೇಷನ್ ಥಿಯೇಟರ್‌ನಲ್ಲಿ ಯಂತ್ರದ ಮುಂದೆ ನಿಲ್ಲುವವರು ಯಾರು?