ತಪಾಸಣೆಯ ಆಚೆಯ ಬೆಂಚು

ವಿಮಾನಪ್ರಯಾಣವು ಈಗ ಶ್ರೀಮಂತರಿಗೆ ಮಾತ್ರ ಮೀಸಲಾಗಿ ಉಳಿದಿಲ್ಲ. ಮಗಳ ಬಾಣಂತನಕ್ಕೆಂದು ಕಡಲಾಚೆಗೆ ಹೊರಡುವ ತಾಯಂದಿರು ನಮ್ಮ ವಾಚಕಿಯರಲ್ಲಿಯೇ ಅನೇಕರಿರಬಹುದು. ಅಂಥವರಲ್ಲಿ ಕೆಲವರು, ಆಕಾಶದಲ್ಲಿ ಹಾರುವುದಕ್ಕಿಂತಲೂ ನೆಲದ ಮೇಲಿನ ಭದ್ರತಾ ತಪಾಸಣೆಯೇ ತಮಗೆ ಹೆಚ್ಚು ಭಯವನ್ನುಂಟುಮಾಡಿತೆಂದು ನನ್ನೊಡನೆ ಹೇಳಿದ್ದುಂಟು. ಕಾವಲಿನವರ ಗಡಸುತನವೇ ಇದಕ್ಕೆ ಕಾರಣವೆಂದು ನಾವು ಭಾವಿಸುವೆವು. ವಿಚಾರಿಸಿ ನೋಡಿದರೆ ಅರ್ಧಪಾಲು ತಪ್ಪು ಆ ಸ್ಥಳದ ಏರ್ಪಾಡಿನದು.

ತಪಾಸಣೆಯೇ ಬೇಡವೆಂದು ನನ್ನ ವಾದವಲ್ಲ. ವಿಮಾನಾಪಹರಣಗಳ ಹಾವಳಿಯಿಂದಾಗಿ ಅಮೆರಿಕದಲ್ಲಿ 1973ರಲ್ಲಿ ಎಲ್ಲ ಪ್ರಯಾಣಿಕರ ಶೋಧನೆಯೂ ಕಡ್ಡಾಯವಾಯಿತು. ನಮ್ಮಲ್ಲಿ 1999ರ ಡಿಸೆಂಬರಿನ ಕಂದಹಾರ ಪ್ರಕರಣದ ತರುವಾಯ, 2000ದಿಂದ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯು ನಿಲ್ದಾಣಗಳ ಕಾವಲನ್ನು ಒಂದೊಂದಾಗಿ ವಹಿಸಿಕೊಂಡಿತು. 2006ರಲ್ಲಿ ಬ್ರಿಟನ್ನಿನಲ್ಲಿ ದ್ರವಸ್ಫೋಟಕದ ಸಂಚು ಬಯಲಾದ ಮೇಲೆ 100 ಮಿಲಿಲೀಟರಿನ ಮಿತಿಯೂ ಬಂದಿತು. (ಕೈಚೀಲದಲ್ಲಿಟ್ಟ ಉಪ್ಪಿನಕಾಯಿಯನ್ನು ಅಲ್ಲಿಯೇ ಬಿಟ್ಟುಬಂದವರು ಇದನ್ನು ಮರೆಯಲಾರರು!) ನಿಯಮಗಳು ಒಂದರ ಮೇಲೊಂದು ಬಂದುವು, ಎಷ್ಟೋ ಕಡೆ ಕೋಣೆಗಳು ಮಾತ್ರ ಹಳೆಯವೇ.

ಮೊದಲು ಸಾಲಿನ ವಿಷಯ. ಯಂತ್ರಕ್ಕೊಂದು ಸಾಲಿದ್ದರೆ, ಪಕ್ಕದ ಸಾಲೇ ಬೇಗ ಸಾಗುತ್ತಿದೆಯೆಂಬ ಕಳವಳ ಯಾರನ್ನೂ ಬಿಡದು. ಹಾವಿನಂತೆ ಸುತ್ತಿ ಬರುವ ಒಂದೇ ಸಾಲು ಎಲ್ಲ ಯಂತ್ರಗಳಿಗೂ ಜನರನ್ನು ಹಂಚಿದರೆ, ಹಿಂದೆ ಬಂದವನು ಮುಂದೆ ಹೋಗಲಾರನು. ಇನ್ನು ತಟ್ಟೆ ತುಂಬುವ ಮೇಜು. ಅದು ಗಿಡ್ಡವಾಗಿದ್ದರೆ, ಮಗುವನ್ನೆತ್ತಿಕೊಂಡ ತಾಯಿಯೊಬ್ಬಳು ತಡಮಾಡಿದಾಗ ಹಿಂದಿನವರೆಲ್ಲರೂ ಅವಳನ್ನೇ ದುರುಗುಟ್ಟಿ ನೋಡುವರು. ಹೊಸ ಏರ್ಪಾಡುಗಳಲ್ಲಿ ಹಲವರು ಒಟ್ಟಿಗೆ ನಿಂತು ತಮ್ಮ ತಮ್ಮ ತಟ್ಟೆಗಳನ್ನು ತುಂಬಬಹುದು. ಸಿದ್ಧವಾದವರು ಮುಂದೆ ಸಾಗುವರು.

ನಮ್ಮ ದೇಶದಲ್ಲಿ ಸ್ತ್ರೀಯರನ್ನು ಪರದೆಯ ಮರೆಯಲ್ಲಿ ಸ್ತ್ರೀಯರೇ ಪರೀಕ್ಷಿಸುವರು. ಇದು ಮರ್ಯಾದೆಯ ಕ್ರಮವೇ ಸರಿ. ಆದರೆ ಒಳಗೆ ನಿಂತವಳಿಗೆ ತನ್ನ ಸಾಮಾನು ಕಾಣಿಸದಿದ್ದರೆ ಏನಾಗುವುದೆಂಬುದನ್ನು ಕಳೆದ ವರ್ಷ ಕಂಡೆನು. ನನ್ನ ಅತ್ತೆಯವರ ಮೊಣಕಾಲಿನಲ್ಲಿ ಲೋಹದ ಕೀಲಿದೆ. ಬಾಗಿಲುಯಂತ್ರವು ಕೂಗದೆ ಇರಲಿಲ್ಲ. ಪಾದರಕ್ಷೆಗಳನ್ನೂ ಬಿಚ್ಚಿ ಯಂತ್ರಕ್ಕೆ ಕಳುಹಿಸಬೇಕಾಯಿತು. ಅವರು ಪರದೆಯ ಹಿಂದೆ ಕೈಚಾಚಿ ನಿಂತಿದ್ದಾಗ, ಹಣ, ಪಾಸ್‌ಪೋರ್ಟು, ಸೊಸೆಯಂದಿರಿಗೆಂದು ಮಾಡಿಸಿದ ಓಲೆ, ಎಲ್ಲವೂ ಇದ್ದ ಚೀಲವು ಆಚೆಯ ತುದಿಯಲ್ಲಿ ಅಪರಿಚಿತರ ತಟ್ಟೆಗಳ ನಡುವೆ ಬಿದ್ದಿತ್ತು. ನಾನಿನ್ನೂ ಸಾಲಿನಲ್ಲಿಯೇ ಇದ್ದೆನು. ಚೀಲವೇನೋ ಸಿಕ್ಕಿತು. ಆದರೆ ಕುಳಿತು ಪಟ್ಟಿ ಕಟ್ಟಿಕೊಳ್ಳಲು ಒಂದು ಪೀಠವೂ ಇರಲಿಲ್ಲ. ಎಪ್ಪತ್ತೆರಡು ವರ್ಷದ ಆ ಹಿರಿಯರು ಕಂಬವನ್ನು ಹಿಡಿದು, ಒಂದೇ ಕಾಲಿನಲ್ಲಿ ನಿಂತು, ಹತ್ತಾರು ಜನರ ಎದುರಿಗೆ ಸೆರಗು ಸರಿಪಡಿಸಿಕೊಂಡರು. ಅಂದಿನ ಅವರ ಮುಖವನ್ನು ನಾನು ಮರೆತಿಲ್ಲ.

ಹಿಂದಿರುಗುವಾಗ ಬೇರೊಂದು ನಿಲ್ದಾಣದಲ್ಲಿ, ತಟ್ಟೆ ಬಂದು ನಿಲ್ಲುವ ಕಡೆಯಿಂದ ಹತ್ತು ಹೆಜ್ಜೆಗೆ ಉದ್ದನೆಯ ಬೆಂಚನ್ನಿಟ್ಟಿದ್ದರು. ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ತರಿಸುವವರಿಗೆ ಬೆಂಚೊಂದು ಭಾರವಾದೀತೆ?

ಹಿರಿಯರೊಡನೆ ಹೊರಡುವವರು ಟಿಕೆಟು ಕೊಳ್ಳುವಾಗಲೇ ಗಾಲಿಕುರ್ಚಿಯನ್ನು ಕೇಳಿಡುವುದು ಲೇಸು. ಕೀಲಿನ ಸಂಗತಿಯನ್ನು ಯಂತ್ರವು ಕೂಗುವುದಕ್ಕೆ ಮೊದಲೇ ತಿಳಿಸಬೇಕು. ಮನೆಯವರಲ್ಲೊಬ್ಬರು ಮುಂದಾಗಿ ಹೋಗಿ ಆಚೆಯಲ್ಲಿ ತಟ್ಟೆಗಳನ್ನು ಕಾಯಲಿ.

ಅತ್ತೆಯವರು ಮುಂದಿನ ತಿಂಗಳು ಮತ್ತೆ ಹೊರಡುವವರಿದ್ದಾರೆ. ಪಟ್ಟಿಯಿಲ್ಲದ ಚಪ್ಪಲಿಗಳನ್ನು ಈಗಾಗಲೇ ಕೊಂಡು ತಂದಿಟ್ಟಿದ್ದಾರೆ.